ಕೊಡೆ ರಿಪೇರಿಯವನ ಕಥೆಯ ಉಳಿದರ್ಧ

"ಕೈ ಎಲ್ಲಿ?" ಎಂದಳು ತಂಗಿ.

ಲ್ಯಾಪ್‌ಟಾಪಿನ ಪರದೆಯ ತುಂಬ ದೊಡ್ಡ ಟೀಚರ್ ಮುಖವಿತ್ತು. ರೆಪ್ಪೆಗೂದಲು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟ; ಕನ್ನಡಕದ ಗಾಜಿನಲ್ಲಿ ಎದುರಿನ ಕಿಟಕಿ ಕೂಡ ಪುಟ್ಟದಾಗಿ ಮೂಡಿತ್ತು. ಅದನ್ನು ನೋಡಿ ಫೋಟೋಗ್ರಾಫರ್ ಒಳಗೊಳಗೇ ಬೀಗುತ್ತಿದ್ದ. ಆದರೆ ಆ ಮುಖದ ಕೆಳಗೆ, ಎದೆಯ ಮುಂದೆ ಆಡುತ್ತಿದ್ದ ಎರಡು ಕೈಗಳು ನೀರಿನಲ್ಲಿ ಕದಡಿದ ಹಿಟ್ಟಿನ ಹಾಗೆ ಕಲಸಿಹೋಗಿದ್ದವು. ಬೆರಳು ಯಾವುದು, ಅಂಗೈ ಯಾವುದು ಎಂದು ತಿಳಿಯುವ ಹಾಗಿರಲಿಲ್ಲ.

"ಇದೆಯಲ್ಲ, ಇಲ್ಲಿ," ಎಂದು ಅವನು ಪರದೆಯ ಮೇಲೆ ಬೆರಳಿಟ್ಟ.

"ಇದು ಕೈಯಾ ಅಣ್ಣ? ಅವರು ಮಾತಾಡೋದೇ ಕೈಯಲ್ಲಿ. ಹಾಡೋರ ಬಾಯಿಗೆ ಬಟ್ಟೆ ತುರುಕಿ, ಮುಖ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಅಂದ ಹಾಗಾಯ್ತು."

ಕಿವಿ ಕೇಳದ ಮಕ್ಕಳ ಆ ಶಾಲೆಯಲ್ಲಿ ಒಂದು ಕಟ್ಟುನಿಟ್ಟಿತ್ತು. ಕಿವಿ ಕೇಳುವವರು ತಮ್ಮತಮ್ಮಲ್ಲೇ ಮಾತಾಡಿಕೊಂಡರೂ ಬಾಯಿಯ ಜೊತೆಗೆ ಕೈಯಲ್ಲೂ ಸನ್ನೆ ಮಾಡಬೇಕು. ಎದುರಿಗಿದ್ದವರಿಗೆ ಗೊತ್ತಾಗದಂತೆ ಏನನ್ನೂ ಆಡಬಾರದು. ತಂಗಿ ಅಲ್ಲಿ ಹದಿನೈದು ವರ್ಷದಿಂದ ಟೀಚರ್. ಅಣ್ಣನನ್ನು ಬೈಯುವಾಗಲೂ ಅವಳ ಕೈ ಸುಮ್ಮನಿರಲಿಲ್ಲ. ಕೋಣೆಯ ಆ ತುದಿಯಲ್ಲಿ ಬೋಗುಣಿಯ ಬಿಸಿನೀರಿನಲ್ಲಿ ಬಲಗೈ ಅದ್ದಿಕೊಂಡು ಕೂತಿದ್ದ ದೊಡ್ಡ ಟೀಚರ್ ಅಷ್ಟನ್ನೂ ನೋಡಿ ತಲೆ ಅಲ್ಲಾಡಿಸಿದರು. ಹೀಗೆ ಅವನ ಮಾನ ಎರಡೆರಡು ಭಾಷೆಯಲ್ಲಿ ಹೋಯಿತು.

ಅವನಿಗೆ ಸುಸ್ತಾಗಿತ್ತು. ಯಾವುದೋ ಕಂಪನಿಯ ನಾಲ್ಕು ದಿನದ ಸಮ್ಮೇಳನ ನಿನ್ನೆಯಷ್ಟೇ ಮುಗಿದಿತ್ತು. ನಾಲ್ಕು ದಿನವೂ ನಿಂತುಕೊಂಡೇ, ಒಂದೇ ಥರದ ಕೋಟು ಹಾಕಿಕೊಂಡವರು ಒಬ್ಬರಿಗೊಬ್ಬರು ಕೈ ಕುಲುಕುವುದನ್ನು ತೆಗೆದು ತೆಗೆದು ಸೊಂಟ ಹಿಡಿದುಕೊಂಡಿತ್ತು. ಇವತ್ತು ಇಡೀ ದಿನ ಮಲಗಿಬಿಡಬೇಕು ಎಂದುಕೊಂಡಿದ್ದ. ಬೆಳಿಗ್ಗೆ ತಂಗಿ ಬಾಗಿಲಿಗೇ ಬಂದು ನಿಂತಿದ್ದಳು. ದೊಡ್ಡ ಟೀಚರ್ ಬಲ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ವರ್ಷವಾಗಿತ್ತು. ನಾಳೆ ಆಸ್ಪತ್ರೆಗೆ ಸೇರುತ್ತಾರೆ, ನಾಳಿದ್ದು ಆಪರೇಷನ್. ನೋವೇನೋ ಹೋಗುತ್ತದೆ, ಬೆರಳು ಮೊದಲಿನ ಹಾಗೆ ಆಡುತ್ತವೋ ಇಲ್ಲವೋ ತಾನು ಹೇಳಲಾರೆ ಎಂದು ಡಾಕ್ಟರು ಕೈ ತೊಳೆದುಕೊಂಡಿದ್ದರು. ಈ ತಿಂಗಳ ಕೊನೆಗೆ ದೊಡ್ಡ ಟೀಚರ್ ನಿವೃತ್ತಿ ಬೇರೆ.

ಹೋಗುವುದು ಬೆರಳಷ್ಟೇ ಆಗಿದ್ದರೆ ತಂಗಿ ಇಷ್ಟು ಒದ್ದಾಡುತ್ತಿರಲಿಲ್ಲ. ಪ್ರತಿ ವರ್ಷ ಒಂದನೇ ತರಗತಿಯ ಮಕ್ಕಳಿಗೆ ದೊಡ್ಡ ಟೀಚರ್ ಒಂದು ಕಥೆ ಹೇಳುತ್ತಿದ್ದರು. ಕೊಡೆ ರಿಪೇರಿ ಮಾಡುವ ಒಬ್ಬನ ಕಥೆ, ಇಪ್ಪತ್ತೈದು ನಿಮಿಷದ್ದು. ಮೂವತ್ತನಾಲ್ಕು ವರ್ಷದ ಹಿಂದೆ ಅವರೇ ಕಟ್ಟಿದ್ದು. ಅದು ಯಾವ ಪುಸ್ತಕದಲ್ಲೂ ಇಲ್ಲ. ಕೈಯಲ್ಲೇ ಹುಟ್ಟಿದ್ದು, ಬರೆಯಲು ಆಗುವಂಥದ್ದಲ್ಲ. ಊರಿಂದ ಬಂದ ಹೊಸತರಲ್ಲಿ ಯಾವ ಭಾಷೆಯೂ ಇಲ್ಲದೆ ಕಂಗಾಲಾಗಿ ಅಳುತ್ತಿದ್ದ ಮಕ್ಕಳು ಆ ಕಥೆ ನೋಡಿದ ದಿನದಿಂದ ಕೈಯೆತ್ತಲು ಶುರು ಮಾಡುತ್ತಿದ್ದವು ಎಂದು ತಂಗಿ ಹೇಳುತ್ತಿದ್ದಳು. ರೆಕಾರ್ಡ್ ಮಾಡೋಣ ಎಂದು ಎಷ್ಟು ಗೋಗರೆದರೂ ದೊಡ್ಡ ಟೀಚರ್ ಒಪ್ಪಿರಲಿಲ್ಲ. ಮಕ್ಕಳು ಪರದೆ ನೋಡುತ್ತವೆ, ಪರದೆ ಮಕ್ಕಳನ್ನು ನೋಡುವುದಿಲ್ಲ ಎನ್ನುವುದು ಅವರ ವಾದ. ಈಗ ಕೈಗೇ ಕುತ್ತು ಬಂದ ಮೇಲೆ ಒಪ್ಪಿದ್ದರು. ಅದೂ ಒಂದೇ ಸಲ; ಅದಕ್ಕಿಂತ ಹೆಚ್ಚು ಮಣಿಕಟ್ಟು ತಡೆಯುವುದಿಲ್ಲ.

ಆ ಒಂದು ಸಲದಲ್ಲಿ ಆರು ನಿಮಿಷ ಈಗ ಮಣ್ಣುಪಾಲಾಗಿತ್ತು. ತಂಗಿ ನಡುವೆಯೇ ತಡೆದು, ಸ್ವಲ್ಪ ತೋರಿಸು ನೋಡೋಣ ಎಂದದ್ದಕ್ಕೆ ಆರಕ್ಕೇ ನಿಂತಿತು.

ತಪ್ಪು ಹೊಸ ಕ್ಯಾಮೆರಾದ್ದಲ್ಲ. ಅದು ಹೇಳಿದಷ್ಟನ್ನು ಚಾಚೂ ತಪ್ಪದೆ ಮಾಡಿತ್ತು. ಮೂರು ವಾರದ ಹಿಂದೆ ಹಳೆಯ ಎರಡು ಕ್ಯಾಮೆರಾ ಮಾರಿ ಈ ಮಿರರ್‌ಲೆಸ್ ಕ್ಯಾಮೆರಾವನ್ನು ಅವನು ಮನೆಗೆ ತಂದದ್ದಕ್ಕೆ ಕಾರಣವಿತ್ತು. ಒಂದು ಕಾರ್ಖಾನೆಯವರ ಗುಂಪು ಫೋಟೋದಲ್ಲಿ ನೂರಿಪ್ಪತ್ತು ಮುಖಗಳೂ ಮಸುಕಾಗಿ, ಹಿಂದಿನ ಗೋಡೆಯ ಇಟ್ಟಿಗೆ ಮಾತ್ರ ಲಕ್ಷಣವಾಗಿ ಬಂದಿತ್ತು. ಮ್ಯಾನೇಜರು ಬೈಯಲಿಲ್ಲ. ಇತ್ತೀಚೆಗೆ ಕಣ್ಣು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರು. ಐವತ್ತಾರನೇ ವಯಸ್ಸಿನಲ್ಲಿ ಆ ಮಾತು ಅವನನ್ನು ಚುಚ್ಚಿ ಹಾಕಿತು. ಅಂಗಡಿಯವನು ಹೊಸ ಕ್ಯಾಮೆರಾ ಕೈಗಿಟ್ಟು ತನ್ನ ಕಣ್ಣನ್ನೇ ತೋರಿಸಿದ್ದ. ಪರದೆಯಲ್ಲಿ ಒಂದು ಪುಟ್ಟ ಹಳದಿ ಚೌಕ ಬಂದು ಆ ಕಣ್ಣಿನ ಮೇಲೆ ಕೂತಿತು. ಅವನು ತಲೆ ತಿರುಗಿಸಿದರೂ, ಎದ್ದು ನಡೆದರೂ, ಬೆಲ್ಲದ ಮೇಲಿನ ನೊಣದ ಹಾಗೆ ಅದು ಬಿಡಲೇ ಇಲ್ಲ. "ನೀವು ಬರೀ ಹಿಡ್ಕೊಂಡಿರಿ ಸಾರ್, ಮಿಕ್ಕಿದ್ದು ಅದೇ ನೋಡ್ಕೊಳ್ಳುತ್ತೆ," ಎಂದಿದ್ದ ಅಂಗಡಿಯವನು. ಮಿಕ್ಕಿದ್ದನ್ನು ನೋಡಿಕೊಳ್ಳುತ್ತೇನೆ ಎಂದು ಮೂವತ್ತು ವರ್ಷದಲ್ಲಿ ಯಾರೂ ಅವನಿಗೆ ಹೇಳಿರಲಿಲ್ಲ. ಅವತ್ತು ಅವನಿಗೆ ಅಳುವೇ ಬರುವ ಹಾಗಾಗಿತ್ತು.

ಇವತ್ತು ಹಿಂದಿನ ಗೋಡೆ ಬೆಣ್ಣೆಯಂತೆ ಕರಗಿದರೆ ಚಂದ ಎಂದು ಲೆನ್ಸನ್ನು ಪೂರ್ತಿ ತೆರೆದಿಟ್ಟಿದ್ದ. ಹಳದಿ ಚೌಕ ದೊಡ್ಡ ಟೀಚರ್ ಕಣ್ಣಿನ ಮೇಲೆ ಕೂತಿತು. ಕಣ್ಣಿನಿಂದ ಒಂದು ಗೇಣು ಮುಂದಿದ್ದ ಕೈಗಳು ಗೋಡೆಯ ಜೊತೆಗೇ ಕರಗಿಹೋದವು. ಮುಖ ತೆಗೆಯುವುದನ್ನೇ ಜೀವಮಾನವಿಡೀ ಮಾಡಿದವನಿಗೆ ಮುಖಕ್ಕಿಂತ ಮುಖ್ಯವಾದದ್ದು ಇರಬಹುದೆಂದು ಹೊಳೆದಿರಲಿಲ್ಲ.

"ಸರಿ ಮಾಡ್ತೀನಿ ಬಿಡು," ಎಂದು ತಂಗಿಗೆ ಹೇಳಿ, ಮುಖ ಕೈ ಎರಡೂ ಸ್ಪಷ್ಟ ಬರುವಷ್ಟು ಲೆನ್ಸನ್ನು ಕಿರಿದು ಮಾಡಿದ. ಮಧ್ಯಾಹ್ನದ ಬೆಳಕು ಕಿಟಕಿಯಲ್ಲಿ ಬೇಕಾದಷ್ಟಿತ್ತು. ಬೆರಳುಗಳ ಓಟಕ್ಕೆ ಚಿತ್ರ ಕಲಸಬಾರದೆಂದು ಸೆಕೆಂಡಿಗೆ ತೆಗೆಯುವ ಚಿತ್ರಗಳ ಸಂಖ್ಯೆಯನ್ನು ಎರಡರಷ್ಟು ಮಾಡಿದ. ಒಂದು ನಿಮಿಷ ಓಡಿಸಿ ನೋಡಿದ. ಓಡಿತು. ತಂಗಿಗೆ ತೋರಿಸಿದ. ಉಗುರು ಕೂಡ ಕಾಣುತ್ತಿತ್ತು. ಅವಳು ಹೂಂ ಎಂದಳು.

ಕಾರ್ಡಿನ ವಿಷಯ ಅವನಿಗೆ ನೆನಪೇ ಆಗಲಿಲ್ಲ. ಆ ಕ್ಯಾಮೆರಾದಲ್ಲಿ ಎರಡು ಮೆಮೊರಿ ಕಾರ್ಡಿಗೆ ಜಾಗವಿತ್ತು; ತೆಗೆದದ್ದನ್ನೆಲ್ಲ ಎರಡರಲ್ಲೂ ಒಟ್ಟಿಗೇ ಬರೆದಿಡುತ್ತಿತ್ತು. ಎರಡು ಕಾರ್ಡಿಲ್ಲದೆ ಅವನು ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಒಬ್ಬ ವೃದ್ಧ ಡಾಕ್ಟರ ಬೀಳ್ಕೊಡುಗೆ ತೆಗೆದಿದ್ದ ಕಾರ್ಡು ಸತ್ತುಹೋಗಿತ್ತು. ಮುಂದಿನ ತಿಂಗಳು ಆ ಡಾಕ್ಟರೂ ತೀರಿಕೊಂಡರು. ಅವರ ಹೆಂಡತಿ ಫೋಟೋ ಕೇಳಿಕೊಂಡು ಬಂದು ಅವನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಒಂದೂ ಇಲ್ಲವಾ, ಒಂದೂ ಇಲ್ಲವಾ ಎಂದು ಕೇಳಿದ್ದು ಇವತ್ತಿಗೂ ಅವನ ಕಿವಿಯಲ್ಲಿದೆ. ಅಂದಿನಿಂದ ಎರಡು ಕಾರ್ಡು. ಈಗ ಮೊದಲನೆಯ ಜಾಗದಲ್ಲಿ ಹೊಸ ಕ್ಯಾಮೆರಾದ ಜೊತೆ ಕೊಂಡ ಹೊಸ ಕಾರ್ಡಿತ್ತು. ಎರಡನೆಯದರಲ್ಲಿ ಅಂಚು ಸವೆದ, ಹೆಂಡತಿ ಉಗುರುಬಣ್ಣದಲ್ಲಿ ಮೂರು ಎಂದು ನಂಬರು ಬರೆದುಕೊಟ್ಟಿದ್ದ ಹಳೆಯದು. ಎಂಟು ವರ್ಷದಲ್ಲಿ ಅದು ಒಮ್ಮೆಯೂ ಕೈ ಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಹೊಸದಕ್ಕಿಂತ ಅದರ ಮೇಲೇ ಅವನಿಗೆ ನಂಬಿಕೆ ಜಾಸ್ತಿ.

ಈಗ ಬರೆಯಬೇಕಾದ ಚಿತ್ರ ಎರಡರಷ್ಟಾಗಿತ್ತು. ಹೊಸ ಕಾರ್ಡು ಎಷ್ಟು ಚುರುಕಾದರೇನು, ಎರಡರಲ್ಲೂ ಒಟ್ಟಿಗೆ ಬರೆಯುವಾಗ ಕ್ಯಾಮೆರಾ ನಿಧಾನದವನಿಗಾಗಿ ಕಾಯಬೇಕು. ಒಂದು ನಿಮಿಷದ ಮಟ್ಟಿಗೆ ಹಳೆಯ ಮೂರನೇ ನಂಬರು ಏದುಸಿರು ಬಿಡುತ್ತಾ ಜೊತೆಗೆ ಓಡಿತ್ತು, ಅಷ್ಟೇ.

ದೊಡ್ಡ ಟೀಚರ್ ಬೋಗುಣಿಯಿಂದ ಕೈ ತೆಗೆದು ಒರೆಸಿಕೊಂಡು ಬಂದು ಕೂತರು. ಎದುರಿಗೆ ಚಾಪೆಯ ಮೇಲೆ ಒಂದನೇ ತರಗತಿಯ ಒಂಬತ್ತು ಮಕ್ಕಳು, ಅವರ ಜೊತೆ ಕ್ಯಾಮೆರಾಕ್ಕೆ ಬೆನ್ನು ಮಾಡಿ ತಂಗಿ. ಮಕ್ಕಳಿಲ್ಲದೆ ಬರೀ ಗಾಜಿಗೆ ಕಥೆ ಹೇಳುವುದಿಲ್ಲ ಎಂದು ಅವರು ಮೊದಲೇ ಶರತ್ತು ಹಾಕಿದ್ದರು. ಕ್ಯಾಮೆರಾದ ಮೂತಿಯ ಮೇಲೆ ಸಣ್ಣ ಕೆಂಪು ದೀಪ ಹತ್ತಿತು. ಅವರು ಅದನ್ನೊಮ್ಮೆ ನೋಡಿದರು. ಆಮೇಲೆ ಫೋಟೋಗ್ರಾಫರನ ಕಡೆ ತಿರುಗಿ ಒಂದು ಕಣ್ಣು ಮುಚ್ಚಿ ತೆಗೆದರು. ಅದು ಸನ್ನೆಯಲ್ಲಿ ಅವನ ಹೆಸರು. ವರ್ಷಕ್ಕೊಮ್ಮೆ ಶಾಲೆಯ ಗುಂಪು ಫೋಟೋ ತೆಗೆಯಲು ಬಂದು ಒಂದು ಕಣ್ಣು ಮುಚ್ಚಿಕೊಂಡು ನಿಲ್ಲುತ್ತಿದ್ದವನಿಗೆ ಮಕ್ಕಳು ಎಂದೋ ಇಟ್ಟದ್ದು. ಈ ಹೊಸ ಕ್ಯಾಮೆರಾ ಬಂದ ಮೇಲೆ ಅವನು ಹಾಗೆ ನಿಲ್ಲುವುದನ್ನೇ ಬಿಟ್ಟಿದ್ದ. ಹಿಂದಿನ ಪರದೆ ನೋಡಿದರೆ ಸಾಕಾಗಿತ್ತು.

ಕಥೆ ಮತ್ತೆ ಮೊದಲಿಂದ ಶುರುವಾಯಿತು. ಅವನಿಗೆ ಸನ್ನೆ ಬರುವುದಿಲ್ಲ. ಆದರೂ ಹೆಗಲಿಗೆ ಚೀಲ ಹಾಕಿಕೊಂಡು ಒಬ್ಬ ಬಂದದ್ದು ಗೊತ್ತಾಯಿತು. ಅವನು ನಾಲ್ಕು ದಾರಿ ಕೂಡುವಲ್ಲಿ ಮರದ ಕೆಳಗೆ ಕೂತ. ಮುರಿದ ಕೊಡೆಯ ಕಡ್ಡಿ ನೆಟ್ಟಗೆ ಮಾಡಿದ, ಸೂಜಿಗೆ ದಾರ ಪೋಣಿಸಲು ಮೂರು ಸಲ ಹೆಣಗಿದ. ಆಮೇಲೆ ಗಾಳಿ ಬಂತು. ದೊಡ್ಡ ಟೀಚರ್ ಕೆನ್ನೆ ಉಬ್ಬಿದವು, ಹೆಗಲು ಓಲಾಡಿತು, ಬೆರಳುಗಳೆಲ್ಲ ಒಂದೊಂದಾಗಿ ಎದ್ದವು. ಮುಂದಿನ ಸಾಲಿನ ಮಗು ತಾನಾಗಿ ಅಂಗಿ ಹಿಡಿದುಕೊಂಡಿತು. ಒಬ್ಬ ಮುದುಕಿ ಜೋಪಾನ ಎಂದು ಒಪ್ಪಿಸಿಹೋಗಿದ್ದ ಕೊಡೆಯನ್ನು ಗಾಳಿ ಎತ್ತಿಕೊಂಡಿತು. ರಿಪೇರಿಯವನು ಸೂಜಿ ಬಾಯಲ್ಲೇ ಕಚ್ಚಿಕೊಂಡು ಓಡಿದ. ಬೇಲಿ ಹಾರಿದ, ಬಿದ್ದ, ಎದ್ದ. ಮುಂದೆ ನದಿ ಅಡ್ಡ ಬಂತು.

ಕೋಣೆಯಲ್ಲಿ ಸದ್ದೇ ಇರಲಿಲ್ಲ. ಬಟ್ಟೆ ಸರಿಯುವ ಸಪ್ಪಳ, ಮಕ್ಕಳ ಗಂಟಲಿಂದ ಆಗಾಗ ಹೊರಡುವ ಸಣ್ಣ ದನಿ, ಮೇಲೆ ಫ್ಯಾನು. ಅವನು ದುಡಿದದ್ದೆಲ್ಲ ಗದ್ದಲದಲ್ಲೇ. ಮೈಕು, ಚಪ್ಪಾಳೆ, ಸಾರ್ ಇಲ್ಲೊಂದು ಎನ್ನುವ ಕೂಗು, ಇವೇ ಅವನನ್ನು ಇಷ್ಟು ವರ್ಷ ಎಚ್ಚರವಾಗಿಟ್ಟಿದ್ದವು. ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ಹಳದಿ ಚೌಕ ತನ್ನ ಕೆಲಸ ಮಾಡುತ್ತಿರುವುದನ್ನು ಒಮ್ಮೆ ನೋಡಿದ. ಒಂದೇ ಒಂದು ನಿಮಿಷ ಎಂದುಕೊಂಡು ಕಣ್ಣು ಮುಚ್ಚಿದ.

ರೆಪ್ಪೆಯ ಮೇಲೆ ಬೆಳಕು ಹತ್ತಿ ಆರಿ ಹತ್ತಿದಾಗ ಎಚ್ಚರವಾಯಿತು. ಬಾಗಿಲ ಬಳಿ ಗಂಟೆಯಮ್ಮ ಸ್ವಿಚ್ಚು ಹಿಡಿದು ನಿಂತಿದ್ದಳು. ಆ ಶಾಲೆಯಲ್ಲಿ ಗಂಟೆ ಹೊಡೆದರೆ ಯಾರಿಗೆ ಕೇಳಬೇಕು? ಕೋಣೆ ಕೋಣೆಯ ದೀಪ ಹತ್ತಿಸಿ ಆರಿಸುವುದೇ ಗಂಟೆ. ಅದನ್ನು ಮಾಡುವವಳಿಗೆ ಕಿವಿ ಕೇಳುವ ಟೀಚರುಗಳು ಇಟ್ಟ ಹೆಸರು ಗಂಟೆಯಮ್ಮ. ಮಕ್ಕಳು ಎರಡೂ ಕೈ ಮೇಲೆತ್ತಿ ಅಲ್ಲಾಡಿಸುತ್ತಿದ್ದವು, ಅದು ಅವರ ಚಪ್ಪಾಳೆ. ಅವನೂ ತಡಬಡಾಯಿಸಿ ಕೈ ಎತ್ತಿ ಅಲ್ಲಾಡಿಸಿದ. ಒಂದು ಮಗು ಖಾಲಿ ಮುಷ್ಟಿಯಲ್ಲಿ ಏನನ್ನೋ ಭದ್ರವಾಗಿ ಹಿಡಿದುಕೊಂಡು, ಉಳಿದ ಎಂಟಕ್ಕೂ ಮುಟ್ಟಗೊಡದೆ ಆಚೆ ನಡೆಯಿತು.

ಕ್ಯಾಮೆರಾದ ಪರದೆ ಕಪ್ಪಾಗಿತ್ತು. ಗುಂಡಿ ಒತ್ತಿದ. ಎರಡನೇ ಕಾರ್ಡಿನ ವೇಗ ಸಾಲದು, ರೆಕಾರ್ಡಿಂಗ್ ನಿಲ್ಲಿಸಲಾಗಿದೆ ಎಂದು ಅದರಲ್ಲಿತ್ತು. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ಅವನು ಮತ್ತೊಮ್ಮೆ ಗುಂಡಿ ಒತ್ತಿದ, ಅದೇ ಇತ್ತು. ಡಾಕ್ಟರ ಹೆಂಡತಿ ಕೂತಿದ್ದ ಸ್ಟೂಲು ಕಣ್ಣ ಮುಂದೆ ಬಂತು. ಆ ಒಂದು ದಿನ ಮತ್ತೆ ಬಾರದಿರಲಿ ಎಂದು ಹನ್ನೊಂದು ವರ್ಷ ಹಾಕಿಕೊಂಡು ಬಂದ ಎರಡನೇ ಕಾರ್ಡೇ ಇವತ್ತು ಆ ದಿನವನ್ನು ತಂದು ಮುಂದೆ ನಿಲ್ಲಿಸಿತ್ತು.

ಯಾರಿಗೂ ಇನ್ನೂ ಗೊತ್ತಿರಲಿಲ್ಲ. ತಂಗಿ ಚಾಪೆ ಸುತ್ತುತ್ತಿದ್ದಳು. ದೊಡ್ಡ ಟೀಚರ್ ಕೈ ಮತ್ತೆ ಬೋಗುಣಿ ಸೇರಿತ್ತು. ನೋವಿಗೆ ಕಣ್ಣು ಮುಚ್ಚಿಕೊಂಡಿದ್ದರು. ಮನೆಗೆ ಹೋಗಿ ಎರಡು ದಿನ ಬಿಟ್ಟು, ಕಾರ್ಡು ಕೆಟ್ಟುಹೋಯಿತು ಎಂದು ಫೋನಿನಲ್ಲಿ ಹೇಳಿಬಿಡಬಹುದು ಎಂದು ಅವನಿಗೆ ಅನ್ನಿಸಿತು. ಕಾರ್ಡಿನ ಮೇಲೆ ಯಾರೂ ಸಿಟ್ಟಾಗುವುದಿಲ್ಲ. ಅಷ್ಟು ಹೊತ್ತಿಗೆ ಆಪರೇಷನ್ನೂ ಆಗಿರುತ್ತದೆ. ಹಾಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಹೇಸಿಗೆಯಾಗಿಯೂ ಸ್ವಲ್ಪ ಹೊತ್ತು ಹಾಗೇ ನಿಂತಿದ್ದ.

ಆಮೇಲೆ ತಂಗಿಯ ಹತ್ತಿರ ಹೋಗಿ ಅರ್ಧ ಮಾತ್ರ ಬಂದಿದೆ ಎಂದ.

ಅವಳು ಚಾಪೆ ಕೆಳಗಿಟ್ಟಳು. "ನೀನು ನೋಡ್ತಾ ಇದ್ದೆಯಲ್ಲ?"

"ನಿದ್ದೆ ಬಂದ್ಬಿಡ್ತು."

ಅವಳು ಕೂಗಾಡಲಿಲ್ಲ. ಅಣ್ಣನ ಮುಖವನ್ನೇ ನೋಡಿದಳು. ಕಣ್ಣಿನ ಕೆಳಗಿನ ಕಪ್ಪು, ಬೆಳಿಗ್ಗೆ ಬೋಳಿಸದ ಗಡ್ಡ, ಎಲ್ಲವನ್ನೂ ಅವಳು ಆಗಲೇ ಮೊದಲು ನೋಡಿದಂತಿತ್ತು. ಬಲವಂತ ಮಾಡಿ ಎಳೆದುಕೊಂಡು ಬಂದದ್ದು ತಾನೇ ಎಂದು ಗೊಣಗಿಕೊಂಡಳು. ಹೋಗಿ ದೊಡ್ಡ ಟೀಚರ್ ಎದುರು ಕುಕ್ಕರಗಾಲಲ್ಲಿ ಕೂತು, ಭುಜ ಮುಟ್ಟಿ ಎಬ್ಬಿಸಿ, ಕೈಯಲ್ಲಿ ಹೇಳಿದಳು. ಅವನು ಗೋಡೆಗೆ ಅಂಟಿಕೊಂಡು ನಿಂತ. ದೊಡ್ಡ ಟೀಚರ್ ಎಡಗೈಯೊಂದರಲ್ಲೇ ಏನೋ ಉತ್ತರ ಕೊಟ್ಟರು.

"ಕೆಂಪು ದೀಪ ಆರಿದ್ದು ಅವರಿಗೆ ಕಂಡಿತ್ತಂತೆ," ಎಂದಳು ತಂಗಿ.

"ಮತ್ತೆ? ನನ್ನ ಎಬ್ಬಿಸ್ಬಹುದಿತ್ತಲ್ಲ?"

ತಂಗಿ ಅದನ್ನು ದಾಟಿಸಿದಳು. ದೊಡ್ಡ ಟೀಚರ್ ಅವನ ಕಡೆಗೇ ತಿರುಗಿ, ಅವನಿಗೆ ತಿಳಿಯಲಿ ಎನ್ನುವಂತೆ ನಿಧಾನವಾಗಿ ಎಡಗೈ ಆಡಿಸಿದರು. ತಂಗಿ ಒಂದೊಂದಾಗಿ ಬಿಡಿಸಿ ಹೇಳಿದಳು.

"ನೀವು ಮಲಗಿದ್ರಿ. ಮಕ್ಕಳು ಎದ್ದಿದ್ವು. ಅವನು ನದಿ ಮಧ್ಯ ಇದ್ದ. ಅಲ್ಲಿ ಹೇಗೆ ಬಿಟ್ಟು ಬರ್ಲಿ?"

ಅವರು ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ನದಿ ದಾಟಿದ ಮೇಲೆ ಏನಾಯಿತು ಎಂದು ತಂಗಿಯನ್ನು ಮೆಲ್ಲಗೆ ಕೇಳಿದ. ಮಾತಿನಲ್ಲಿ ಹೇಳಿದರೆ ಎರಡೇ ವಾಕ್ಯ, ಅದನ್ನು ಕೇಳಿ ನಿನಗೇನೂ ಅನ್ನಿಸುವುದಿಲ್ಲ ಎಂದಳು ಅವಳು. ತನ್ನ ಕೈಯಲ್ಲಿ ಹೇಳಲು ತನಗೆ ಬರುವುದಿಲ್ಲ; ತನ್ನದು ಕಲಿತ ಭಾಷೆ, ಪಾಠ ಹೇಳಲಿಕ್ಕೆ ಸಾಕು, ಗಾಳಿ ಬೀಸಲಿಕ್ಕೆ ಸಾಲದು. ಅಷ್ಟು ಹೇಳುವಾಗ ಅವಳ ಕಣ್ಣು ತುಂಬಿಬಂತು.

ಇದೆಲ್ಲ ಕೈಯಲ್ಲೂ ನಡೆಯುತ್ತಿತ್ತಲ್ಲ, ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಗಂಟೆಯಮ್ಮ ಒಂದನ್ನೂ ಬಿಡದೆ ಓದಿಕೊಂಡಿದ್ದಳು. ಪೊರಕೆಯನ್ನು ಮೂಲೆಗೆ ಒರಗಿಸಿದಳು. ಒಳಗೆ ಬಂದು, ದೊಡ್ಡ ಟೀಚರ್ ಕೂತು ಕಥೆ ಹೇಳಿದ್ದ ಕುರ್ಚಿಯಲ್ಲಿ ತಾನು ಕೂತು, ಎದೆಗೆ ಬೆರಳು ಮುಟ್ಟಿಸಿಕೊಂಡಳು.

ಆಕೆಗೆ ನಲವತ್ತು. ದೊಡ್ಡ ಟೀಚರ್ ಮೊಟ್ಟಮೊದಲು ಆ ಕಥೆ ಹೇಳಿದ ಮಕ್ಕಳಲ್ಲಿ ಅವಳೂ ಒಬ್ಬಳು. ಓದು ಅಷ್ಟಾಗಿ ಹತ್ತಲಿಲ್ಲ. ಇಪ್ಪತ್ತೊಂದಕ್ಕೆ ಇದೇ ಶಾಲೆಯಲ್ಲಿ ಕೆಲಸಕ್ಕೆ ಸೇರಿದಳು. ಅಂದಿನಿಂದ ಹತ್ತೊಂಬತ್ತು ವರ್ಷ, ಕಥೆಯ ದಿನ ಬಾಗಿಲಲ್ಲಿ ನಿಂತು ಪೂರ್ತಿ ನೋಡಿಯೇ ದೀಪದ ಗಂಟೆ ಬಾರಿಸುತ್ತಿದ್ದಳು. ಕಥೆ ಮುಗಿಯದೆ ಅವಳ ಗಂಟೆ ಆಗುತ್ತಿರಲಿಲ್ಲ ಎನ್ನುವುದು ಉಳಿದ ಟೀಚರುಗಳ ಹಳೆಯ ದೂರು.

ದೊಡ್ಡ ಟೀಚರ್ ಮುಖ ಗಂಟಿಕ್ಕಿಕೊಂಡು ಏನೋ ಅಂದರು. ತಂಗಿಗೆ ಆ ಬೇಸರದಲ್ಲೂ ನಗು ಬಂತು.

"ಇವಳ ಗಾಳಿ ಗಾಳಿ ಥರ ಇರಲ್ವಂತೆ. ಕಸ ಗುಡಿಸಿದ ಥರ ಇರುತ್ತಂತೆ."

ಗಂಟೆಯಮ್ಮ ಸುಮ್ಮನಿರಲಿಲ್ಲ. ಸರಸರನೆ ಏನೋ ಹೇಳಿ, ಕೊನೆಗೆ ಪಕ್ಕದಲ್ಲಿ ಇಲ್ಲದ ಯಾರನ್ನೋ ತೋರಿಸಿದಳು. ಕಥೆಯ ಕೊನೆಗೆ ದೊಡ್ಡ ಟೀಚರ್ ಮುಂದೆ ಕೂತವರಲ್ಲಿ ಒಬ್ಬರಿಗೆ ಆ ಕೊಡೆಯನ್ನು ಕೊಡುತ್ತಾರೆ, ಯಾರಿಗೆ ಎಂದು ಮೊದಲೇ ಯಾರಿಗೂ ಗೊತ್ತಿರುವುದಿಲ್ಲ ಎಂದು ತಂಗಿ ಅಣ್ಣನಿಗೆ ವಿವರಿಸಿದಳು. ಮೂವತ್ತನಾಲ್ಕು ವರ್ಷದ ಹಿಂದೆ ಗಂಟೆಯಮ್ಮ ತನಗೇ ಎಂದು ಕೈ ಚಾಚಿ ಕೂತಿದ್ದಳಂತೆ. ಅವರು ಪಕ್ಕದ ಹುಡುಗಿಗೆ ಕೊಟ್ಟುಬಿಟ್ಟರಂತೆ. ಅದನ್ನೇ ಈಗ ಎತ್ತಿ ಆಡುತ್ತಿದ್ದಾಳೆ.

ದೊಡ್ಡ ಟೀಚರ್ ಅವಳನ್ನು ಬಹಳ ಹೊತ್ತು ನೋಡಿದರು. ಹಾಗೊಂದು ಸಂಗತಿ ನಡೆದದ್ದು ಅವರಿಗೆ ನೆನಪಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಆಮೇಲೆ ಬಲ ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಡುವಂತೆ ತಂಗಿಯ ಮುಂದೆ ಕೈ ಚಾಚಿದರು. ಪಟ್ಟಿ ಸುತ್ತಿದ ಕೈ ಮಡಿಲಲ್ಲಿಟ್ಟುಕೊಂಡು, ಮಕ್ಕಳು ಕೂರುವ ಕಡೆ ಒಂದು ಪುಟ್ಟ ಕುರ್ಚಿ ಎಳೆದುಕೊಂಡು ಕೂತರು. ನದಿಯಿಂದ ಶುರು ಮಾಡು ಎಂದರು.

ಹೊತ್ತು ಇಳಿಯುತ್ತಿತ್ತು. ಕಿಟಕಿಯ ಬೆಳಕು ಬಡವಾಗಿತ್ತು. ಕೋಣೆಗೆ ಇದ್ದದ್ದು ಒಂದೇ ದೀಪ. ಫೋಟೋಗ್ರಾಫರ್ ಲೆನ್ಸನ್ನು ಮತ್ತೆ ಪೂರ್ತಿ ತೆರೆಯಬೇಕಾಯಿತು. ಕಾರ್ಡಿನ ಮುಚ್ಚಳ ತೆಗೆದು ಮೂರನೇ ನಂಬರನ್ನು ಎಳೆದ. ಬೆಚ್ಚಗಿತ್ತು, ಜ್ವರ ಬಂದ ಮಗುವಿನ ಅಂಗೈ ಥರ. ಅದನ್ನು ಜೇಬಿಗೆ ಹಾಕಿಕೊಂಡ. ಹೊಸ ಕಾರ್ಡೊಂದೇ ಉಳಿಯಿತು. ಹನ್ನೊಂದು ವರ್ಷದಲ್ಲಿ ಒಂದೇ ಕಾರ್ಡಿನಲ್ಲಿ ಅವನು ಏನನ್ನೂ ತೆಗೆದಿರಲಿಲ್ಲ. ಮುಚ್ಚಳ ಹಾಕಲು ಬೆರಳು ಹಿಂಜರಿಯಿತು.

"ಇದೂ ಹೋದ್ರೆ?" ಎಂದ.

"ಹೋದ್ರೆ ನಾಳೆ ಹೇಳ್ತಾಳೆ. ನಾಡಿದ್ದು ಹೇಳ್ತಾಳೆ," ಎಂದಳು ತಂಗಿ. "ಅವಳ ಕೈ ಎಲ್ಲೂ ಹೋಗಲ್ಲ ಅಣ್ಣ."

ಕೆಂಪು ದೀಪ ಹತ್ತಿತು. ಹಳದಿ ಚೌಕ ಎಂದಿನಂತೆ ಬಂದು ಗಂಟೆಯಮ್ಮನ ಕಣ್ಣಿನ ಮೇಲೆ ಕೂತಿತು. ಅವಳು ಕೈ ಎತ್ತಿದಳು, ಕೈ ಮಸುಕಾಯಿತು. ದೊಡ್ಡ ಟೀಚರ್ ತಿದ್ದಲು ಮುಂದೆ ಬಾಗಿದರು, ಚೌಕ ಅವರ ಕೆನ್ನೆಗೆ ಹಾರಿತು. ಅವನಿಗೆ ರೇಗಿತು. ಆಟೋಫೋಕಸ್ ಆರಿಸಿದ. ಚೌಕ ಮಾಯವಾಯಿತು. ಕುರ್ಚಿ ಒದ್ದು ಎದ್ದು, ಕನ್ನಡಕವನ್ನು ಹಣೆಗೇರಿಸಿ, ಕಣ್ಣನ್ನು ಕ್ಯಾಮೆರಾದ ಕಿಂಡಿಗೆ ಒತ್ತಿದ. ಇನ್ನೊಂದು ಕಣ್ಣು ತಾನಾಗಿ ಮುಚ್ಚಿಕೊಂಡಿತು. ಎಡಗೈ ಲೆನ್ಸಿನ ಸುತ್ತಲ ಫೋಕಸ್ ಬಳೆಯನ್ನು ಹಿಡಿಯಿತು. ಅದನ್ನು ನೋಡಿ ದೊಡ್ಡ ಟೀಚರ್ ಗಂಟೆಯಮ್ಮನಿಗೆ ಒಂದು ಕಣ್ಣು ಮಿಟುಕಿಸಿ ತೋರಿಸಿದರು. ಅವನಿಗೆ ಅದು ಕಾಣಲಿಲ್ಲ. ಅವನು ಕೈಗಳನ್ನು ಹುಡುಕುತ್ತಿದ್ದ.

ಸೊಂಟ ನೋಯುತ್ತಿತ್ತು, ಕಣ್ಣಲ್ಲಿ ನೀರು ಬರುತ್ತಿತ್ತು. ಕೈ ಮುಂದೆ ಬಂದರೆ ಬಳೆಯನ್ನು ಕೂದಲೆಳೆಯಷ್ಟು ಈ ಕಡೆ, ಹಿಂದೆ ಹೋದರೆ ಆ ಕಡೆ. ಎಷ್ಟೋ ಸಲ ತಪ್ಪಿತು. ತಪ್ಪಿದಾಗಲೆಲ್ಲ ತಾನಾಗಿ ಸರಿಹೋಗುತ್ತಿತ್ತು, ಬೆರಳು ಅದನ್ನು ಮರೆತಿರಲಿಲ್ಲ. ಗಂಟೆಯಮ್ಮನ ಕೈ ದೊಡ್ಡ ಟೀಚರ್ ಕೈಯಂತೆ ನಾಜೂಕಿನದಲ್ಲ. ನೀರು, ಸೋಪು, ಪೊರಕೆಗೆ ಒರಟಾದ ಕೈ. ಅವಳ ನದಿಯಲ್ಲಿ ಸೆಳೆತ ಜಾಸ್ತಿ. ರಿಪೇರಿಯವನು ಮುಳುಗಿ ಎದ್ದ, ಆಚೆ ದಡ ಹಿಡಿದ. ಗಾಳಿ ಮತ್ತೆ ಬರುವ ಜಾಗದಲ್ಲಿ ದೊಡ್ಡ ಟೀಚರ್ ನೆಲಕ್ಕೆ ಕಾಲು ಬಡಿದು ನಿಲ್ಲಿಸಿದರು. ಎಡಗೈಯಲ್ಲಿ ಒಂದು ಸುಳಿ ಮಾಡಿ ತೋರಿಸಿದರು. ಗಂಟೆಯಮ್ಮ ಮತ್ತೆ ಬೀಸಿದಳು. ಅವರು ಮತ್ತೆ ಕಾಲು ಬಡಿದರು. ಮೂರನೆಯ ಸಲ ಅವಳು ಅವರ ಕಡೆ ನೋಡಲೂ ಇಲ್ಲ. ತನ್ನ ಗಾಳಿಯನ್ನೇ ಬೀಸಿಕೊಂಡು ಮುಂದೆ ಹೋದಳು. ದೊಡ್ಡ ಟೀಚರ್ ಕಾಲು ಎತ್ತಿದ್ದವರು ಬಡಿಯದೆ ಇಳಿಸಿದರು.

ಆಮೇಲೆ ಅವರು ತಿದ್ದಲಿಲ್ಲ. ತಾವು ಮೂವತ್ತನಾಲ್ಕು ವರ್ಷ ಹೇಳಿದ ಕಥೆಯನ್ನು ಅವರು ಮಕ್ಕಳ ಜಾಗದಲ್ಲಿ ಕೂತು ನೋಡಿದ್ದೇ ಇಲ್ಲ. ಬಾಯಿ ಸ್ವಲ್ಪ ತೆರೆದಿತ್ತು.

ಮರದ ತುದಿಯಲ್ಲಿ ಕೊಡೆ ಸಿಕ್ಕಿಕೊಂಡಿತ್ತು, ಬಟ್ಟೆ ಹರಿದು ಬರೀ ಕಡ್ಡಿ. ರಿಪೇರಿಯವನು ಹತ್ತಿ ಇಳಿಸಿಕೊಂಡ. ತನ್ನ ಅಂಗಿಯನ್ನೇ ಬಿಚ್ಚಿ ಕತ್ತರಿಸಿ, ಬಾಯಲ್ಲಿದ್ದ ಸೂಜಿಯಿಂದ ಹೊಲಿದ. ಬರಿಮೈಯಲ್ಲಿ ಅಷ್ಟು ದೂರವನ್ನೂ ಹಿಂದಕ್ಕೆ ನಡೆದ. ನದಿ, ಬೇಲಿ, ನಾಲ್ಕು ದಾರಿ. ಮುದುಕಿಯ ಬಾಗಿಲು ತಟ್ಟಿದ. ಗಂಟೆಯಮ್ಮ ಒಂದು ಮುಷ್ಟಿಯ ಮೇಲೆ ಇನ್ನೊಂದನ್ನಿಟ್ಟು ತಿರುವಿದಳು. ಬೀಗ. ಪಕ್ಕದ ಮನೆಯನ್ನು ನೋಡಿದಳು. ಆ ಮನೆಯವರು ನೆಲವನ್ನು ತೋರಿಸಿದರು.

ಫೋಟೋಗ್ರಾಫರನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಮುದುಕಿ ಮಣ್ಣಾಗಿದ್ದಳು.

ರಿಪೇರಿಯವನು ಕೊಡೆ ಹಿಡಿದು ಸುಮ್ಮನೆ ನಿಂತಿದ್ದ. ಆಮೇಲೆ ಅದನ್ನು ಮೆಲ್ಲಗೆ ಮಡಚಿದ, ಕಡ್ಡಿಗಳನ್ನು ಒಟ್ಟು ಮಾಡಿ ಪಟ್ಟಿ ಸುತ್ತಿದ, ಗುಂ‍ಡಿ ಹಾಕಿದ. ಗಂಟೆಯಮ್ಮ ಎರಡೂ ಕೈಯಲ್ಲಿ ಆ ಕೊಡೆಯನ್ನು ಎತ್ತಿಕೊಂಡು ಕುರ್ಚಿಯಿಂದ ಎದ್ದಳು. ಕೋಣೆಯಲ್ಲಿ ತಂಗಿಯೂ ಇದ್ದಳು, ಅವನೂ ಇದ್ದ. ಅವಳು ನೇರ ಆ ಪುಟ್ಟ ಕುರ್ಚಿಯ ಎದುರಿಗೆ ಹೋಗಿ ಕೊಡೆಯನ್ನು ಚಾಚಿದಳು.

ಅವನು ಅವಳ ಕೈಯ ಮೇಲಿದ್ದ ಫೋಕಸ್ಸನ್ನು ಬಿಟ್ಟು ಬಳೆ ತಿರುಗಿಸಿದ. ಒಂದು ಕ್ಷಣ ಎಲ್ಲವೂ ಮಂಜಾಯಿತು. ಮಂಜಿನ ಒಳಗಿಂದ ಮೊದಲು ಬಿಳಿ ಪಟ್ಟಿ ಬಂತು, ಆಮೇಲೆ ಬಿಸಿನೀರಿಗೆ ಮುದುಡಿದ ಐದು ಬೆರಳು. ದೊಡ್ಡ ಟೀಚರ್ ಬಲಗೈಯನ್ನು ಮಡಿಲಿಂದ ಎತ್ತಿದ್ದರು. ಬೆರಳುಗಳು ನಡುಗುತ್ತಾ ತೆರೆದವು, ಖಾಲಿ ಗಾಳಿಯನ್ನು ಕೊಡೆಯ ಹಿಡಿಯ ದಪ್ಪಕ್ಕೆ ಸರಿಯಾಗಿ ಸುತ್ತಿಕೊಂಡವು. ಅವನು ಉಸಿರು ಬಿಗಿಹಿಡಿದು ಬಳೆಯನ್ನು ಅಲ್ಲೇ ನಿಲ್ಲಿಸಿದ.